ಮಗಳಿಗೊಂದು ಪತ್ರ: ಮುಚ್ಚಳ ಹಾಕುವ ಮುನ್ನ

ಪ್ರೀತಿಯ ಕೂಸೇ,

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಆದದ್ದನ್ನು ಇಲ್ಲಿ ಕೆದಕುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನೀನು ಬೋಯಿಸರ್‌ನಲ್ಲಿ ಇಳಿದು ತಾರಾಪುರದ ಅಣು ಸ್ಥಾವರದ ಕ್ವಾರ್ಟರ್ಸ್ ಸೇರಿ ಬ್ಯಾಗು ಬಿಚ್ಚಿದಾಗ ಇದು ಸಿಗುತ್ತದೆ. ನಿನ್ನ ಕೆಲಸ ಅಣು ತ್ಯಾಜ್ಯ ವಿಭಾಗದಲ್ಲಿ ಎಂದ ಕೂಡಲೇ ನೆಂಟರಲ್ಲಿ ಕೆಲವರು ಮೂಗು ಮುರಿದರು. ಮುರಿಯಲಿ. ಆ ತ್ಯಾಜ್ಯದಲ್ಲಿರುವ ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯುವ ಕಾಲ, 30 ವರ್ಷ. ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯಲು 300 ವರ್ಷ ಬೇಕು. ಅಷ್ಟು ಕಾಲ ಬಾಳಬೇಕಾದ ಕೆಲಸವನ್ನು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಮಾಡಿಲ್ಲ. ನನಗೆ ಹೆಮ್ಮೆಯಿದೆ. ನಾನು ದನಿ ಏರಿಸಿದ್ದರಿಂದ ಅದು ನಿನಗೆ ಕಾಣಿಸಲಿಲ್ಲ.

"ಕ್ಯಾಸ್ಕು ಎಲ್ಲ ಪರೀಕ್ಷೆ ಪಾಸಾಗಿರುತ್ತದೆ, ಇನ್ನೇನು ಹೆದರಿಕೆ ನಿಮಗೆ?" ಎಂದು ಕೇಳಿದೆಯಲ್ಲ. ತ್ಯಾಜ್ಯ ಸಾಗಿಸುವ ಆ ದಪ್ಪ ಗೋಡೆಯ ಪೆಟ್ಟಿಗೆ ಪಾಸಾಗಿರುತ್ತದೆ, ನಿಜ. ಅದಕ್ಕೆ ಟೈಪ್-ಬಿ ದರ್ಜೆ ಸಿಗಬೇಕು ಅಂದರೆ 9 ಮೀಟರ್ ಎತ್ತರದಿಂದ ಬಗ್ಗದ ನೆಲದ ಮೇಲೆ ಬೀಳಬೇಕು, 1 ಮೀಟರಿನಿಂದ 15 ಸೆಂ.ಮೀ. ವ್ಯಾಸದ ಉಕ್ಕಿನ ಗೂಟದ ಮೇಲೆ ಬೀಳಬೇಕು, ಆಮೇಲೆ 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಇರಬೇಕು. ನೀರಿನ ಪರೀಕ್ಷೆ ಬೇರೆ. ಇವೆಲ್ಲ ಹೊರಗಿನಿಂದ ಬರುವ ಪೆಟ್ಟಿನ ಲೆಕ್ಕ. ಒಳಗೆ ಏನನ್ನು ತುಂಬಿ ಮುಚ್ಚಳ ಹಾಕಿದಿರಿ ಎಂಬುದು ಮನುಷ್ಯರ ಕೈಯಲ್ಲಿದೆ. ನನ್ನ ಹೆದರಿಕೆ ಅಲ್ಲಿ.

ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಪ್ಲುಟೋನಿಯಂ ಕೆಲಸದಿಂದ ಉಳಿದ ನೈಟ್ರೇಟ್ ಉಪ್ಪಿನ ತ್ಯಾಜ್ಯವಿತ್ತು. ಅದರಲ್ಲಿ ಪಸೆ ಇದ್ದುದರಿಂದ ಹೀರಿಕೊಳ್ಳುವ ಪುಡಿ ಬೆರೆಸಬೇಕಿತ್ತು. ಬೆಕ್ಕು ಸಾಕುವವರು ತಟ್ಟೆಯಲ್ಲಿ ಹರಡುವ ಪುಡಿ ಇದೆಯಲ್ಲ, ಅದನ್ನೇ ಬಳಸುತ್ತಿದ್ದರು. ಜೇಡಿಮಣ್ಣಿನದೋ ಜಿಯೋಲೈಟ್ ಕಲ್ಲಿನದೋ ಆದರೆ ಏನೂ ಆಗುವುದಿಲ್ಲ. ಕಾರ್ಯವಿಧಾನದ ಕಾಗದದಲ್ಲೇ ಸಾವಯವ ಪುಡಿ, ಅಂದರೆ ಇಂಗಾಲವಿರುವ, ಉರಿಯಬಲ್ಲ ಪುಡಿ, ಎಂದು ಸೇರಿಬಿಟ್ಟಿತು; ಬಂದದ್ದು ಗೋಧಿಯಿಂದ ಮಾಡಿದ್ದು. ನೈಟ್ರೇಟು ಆಮ್ಲಜನಕ ಕೊಡುವಂಥದ್ದು, ಗೋಧಿ ಉರಿಯುವಂಥದ್ದು. ಆಮ್ಲ ಇಳಿಸಲು ಹಾಕಿದ ದ್ರವವೂ ಸಾವಯವವೇ. ಡ್ರಮ್ಮಿಗೆ ಮುಚ್ಚಳ ಬಿತ್ತು, ಟೈಪ್-ಬಿ ಕಂಟೇನರಿನಲ್ಲಿ ಲಾರಿ ಹತ್ತಿತು, ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಬಳಿ 655 ಮೀಟರ್ ಆಳದಲ್ಲಿ ಉಪ್ಪಿನ ಪದರದೊಳಗೆ ಕೊರೆದ ತ್ಯಾಜ್ಯ ಸಂಗ್ರಹಾಗಾರಕ್ಕೆ ಇಳಿಯಿತು. 2014ರ ಫೆಬ್ರವರಿ 14ರ ರಾತ್ರಿ ಒಳಗೇ ಕಾದು ಮುಚ್ಚಳ ಕಿತ್ತುಕೊಂಡಿತು. ಆ ಸಂಗ್ರಹಾಗಾರ ಸುಮಾರು ಮೂರು ವರ್ಷ ಬಾಗಿಲು ಹಾಕಿತು. ಹೊರಗಿನ ಯಾವ ಪೆಟ್ಟೂ ಬಿದ್ದಿರಲಿಲ್ಲ. ದಾರಿಯುದ್ದಕ್ಕೂ ಡೋಸ್ ಅಳೆದವರಿಗೆ ಏನೂ ತಪ್ಪು ಕಂಡಿರಲಾರದು, ಏಕೆಂದರೆ ವಿಕಿರಣ ಅಳೆಯುವ ಸರ್ವೇ ಮೀಟರಿಗೆ ಗೋಧಿ ಕಾಣಿಸುವುದಿಲ್ಲ.

ಇದೊಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 1997ರ ಮಾರ್ಚ್ 11ರಂದು ಜಪಾನಿನ ತೋಕಾಯ್‌ನಲ್ಲಿ ನೈಟ್ರೇಟ್ ಉಪ್ಪಿನ ತ್ಯಾಜ್ಯವನ್ನು ಡಾಂಬರಿನಲ್ಲಿ ಕಲಸಿ ಡ್ರಮ್ಮಿಗೆ ತುಂಬುತ್ತಿದ್ದರು. ಕಲಸುವ ಯಂತ್ರಕ್ಕೆ ತ್ಯಾಜ್ಯ ಹರಿಸುವ ವೇಗವನ್ನು ಸ್ವಲ್ಪ ಇಳಿಸಿದ್ದರು. ಅದರಿಂದ ಯಂತ್ರದೊಳಗೆ ಉಪ್ಪು ಕಟ್ಟಿ ತಿಕ್ಕಾಟ ಹೆಚ್ಚಿತು, ಡಾಂಬರು ಎಂದಿಗಿಂತ ಬಿಸಿಯಾಗಿ ಡ್ರಮ್ಮಿಗೆ ಬಿತ್ತು. ಬೆಳಿಗ್ಗೆ ಬೆಂಕಿ ಹತ್ತಿತು. ಒಂದು ನಿಮಿಷದಷ್ಟು ನೀರು ಹೊಡೆದು, ಆರಿತು ಎಂದುಕೊಂಡರು. ರಾತ್ರಿ ಸ್ಫೋಟ. ಜ್ವಾಲೆ ಹೋದರೆ ಬಿಸಿ ಹೋಯಿತೆಂದಲ್ಲ, ಡ್ರಮ್ಮಿನ ಹೊಟ್ಟೆ ತಣಿಯುವ ತನಕ ನೀರು ನಿಲ್ಲಿಸಬಾರದು. 1976ರಲ್ಲಿ ಅಮೆರಿಕದ ಹ್ಯಾನ್‌ಫೋರ್ಡ್ ಅಣು ಕೇಂದ್ರದಲ್ಲಿ ಸಿಡಿದದ್ದು ಮುಷ್ಕರದಿಂದಾಗಿ ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದ ರೆಸಿನ್ (ಒಂದು ಬಗೆಯ ಸಾವಯವ ರಾಳ) ತುಂಬಿದ ಕಾಲಮ್ಮು, ಅದಕ್ಕೆ ನೈಟ್ರಿಕ್ ಆಮ್ಲ ಬಿಟ್ಟಾಗ. 1957ರ ಸೆಪ್ಟೆಂಬರ್ 29ರಂದು ಸೋವಿಯತ್ ದೇಶದ ಮಯಾಕ್ ಅಣು ಕೇಂದ್ರದಲ್ಲಿ ತಂಪುಗೊಳಿಸುವ ವ್ಯವಸ್ಥೆ ಕೆಟ್ಟಿದ್ದ ಒಂದು ಟ್ಯಾಂಕಿನಲ್ಲಿ ನೀರು ಆವಿಯಾಗಿ, ಉಳಿದ ನೈಟ್ರೇಟು ಮತ್ತು ಅಸಿಟೇಟು ತಮ್ಮ ಶಾಖದಿಂದಲೇ ಕಾದು, ಕಾಂಕ್ರೀಟಿನ ಮುಚ್ಚಳವನ್ನೇ ಎತ್ತಿ ಒಗೆದವು. ನಾಲ್ಕೂ ಕಡೆ ನೈಟ್ರೇಟು ಅಥವಾ ನೈಟ್ರಿಕ್ ಆಮ್ಲ, ಜೊತೆಗೊಂದು ಸಾವಯವ ವಸ್ತು. ಹೈಸ್ಕೂಲಿನ ರಸಾಯನಶಾಸ್ತ್ರ.

ನಿನ್ನ ಪ್ಲಾಂಟಿನಲ್ಲೂ ನೈಟ್ರಿಕ್ ಆಮ್ಲವಿಲ್ಲದೆ ಒಂದು ದಿನ ಕಳೆಯುವುದಿಲ್ಲ. ಆಮ್ಲ ಚೆಲ್ಲಿದಾಗ ಕೈಗೆ ಸಿಗುವುದು ಹತ್ತಿಬಟ್ಟೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿ. ಮೂರೂ ಬೇಡ. ವರ್ಮಿಕ್ಯುಲೈಟಿನಂಥ ಖನಿಜದ ಪುಡಿಯನ್ನು ಮೊದಲೇ ತಂದಿಟ್ಟುಕೊಳ್ಳಿ. ಒಂದು ವೇಳೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದರೆ ಅದನ್ನು ಒಣಗುವ ಮುಂಚೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆ ನೀರು ತ್ಯಾಜ್ಯದ ಟ್ಯಾಂಕಿಗೇ ಹೋಗಬೇಕು. ಸ್ಟೋರಿನಿಂದ ಹೊಸ ಚೀಲ ಬಂದರೆ ಹೆಸರು ಒಂದೇ ಇದೆ ಎಂದು ಸಹಿ ಹಾಕಬೇಡ. ಚೀಲ ತಿರುಗಿಸಿ ಏತರಿಂದ ಮಾಡಿದ್ದು ಎಂದು ಓದು. ಸರಬರಾಜುದಾರ ಬದಲಾದರೆ, ಪುಡಿ ಬದಲಾದರೆ, ಬೆರೆಸುವ ವೇಗ ಬದಲಾದರೆ ಕೆಮಿಸ್ಟ್ ನೋಡಿ ಒಪ್ಪಿಗೆ ಬರೆದುಕೊಡುವ ತನಕ ಕೆಲಸ ನಿಲ್ಲಿಸು. ನೀನು ಹೊಸಬಳು, ಕೇಳಿದರೆ ನಗುತ್ತಾರೆ. ನಗಲಿ ಬಿಡು. ಆಯಿ ಈಗಲೇ ಹೇಳುತ್ತಿದ್ದಾಳೆ, ಮತ್ತೆ ಪಾಠ ಶುರುವಾಯಿತು ಎಂದು. ಆಗಲಿ, ಅರ್ಧಕ್ಕೆ ನಿಲ್ಲಿಸಿದರೆ ನನಗೆ ನಿದ್ದೆ ಬಾರದು.

ದ್ರವ ತ್ಯಾಜ್ಯದ ಟ್ಯಾಂಕಿನ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತಿದೆ. ವಿಕಿರಣವು ನೀರನ್ನು ಒಡೆದು ಹೈಡ್ರೋಜನ್ ಮಾಡುತ್ತಲೇ ಇರುತ್ತದೆ, ಗಾಳಿಯಲ್ಲಿ ಅದು 4 ಶೇಕಡಾ ಮುಟ್ಟಿದರೆ ಒಂದು ಕಿಡಿ ಸಾಕು. ಅದಕ್ಕೇ ಗಾಳಿ ಹಾಯಿಸುವ ಫ್ಯಾನು. ಶಾಖಕ್ಕೆ ತಂಪು ನೀರಿನ ಸುರುಳಿ, ಸೋರಿದರೆ ಇರಲೆಂದು ಖಾಲಿ ಬಿಟ್ಟ ಇನ್ನೊಂದು ಟ್ಯಾಂಕು. ಖಾಲಿ ಟ್ಯಾಂಕನ್ನು ತಾತ್ಕಾಲಿಕವಾಗಿ ತುಂಬೋಣ ಎಂದು ಯಾರಾದರೂ ಅಂದರೆ ಒಪ್ಪಬೇಡ.

ಇನ್ನು ಸಾಗಣೆ. ಕ್ಯಾಸ್ಕನ್ನು ಕೊಳದ ನೀರಿನೊಳಗೇ ತುಂಬುತ್ತಾರಲ್ಲ, ಆ ನೀರಿನ ಸೀಸಿಯಂ ಲೋಹದ ಸಣ್ಣ ರಂಧ್ರಗಳಲ್ಲಿ, ಬಣ್ಣದ ಬಿರುಕುಗಳಲ್ಲಿ ಕೂರುತ್ತದೆ. ಹೊರಡುವಾಗ ಕಾಗದದಿಂದ ಒರೆಸಿ ಅಳೆದು ನೋಡಿದರೆ ಸ್ವಚ್ಛ. ದಾರಿಯಲ್ಲಿ ಬಿಸಿಲು, ತೇವ, ಒಳಗಿನ ಶಾಖ ಸೇರಿ ಅದು ಬೆವರಿನಂತೆ ಮೇಲ್ಮೈಗೆ ಬರುತ್ತದೆ. 1998ರಲ್ಲಿ ಫ್ರಾನ್ಸ್, ಜರ್ಮನಿಯಲ್ಲಿ ಮಿತಿ ಮೀರಿದ ಕ್ಯಾಸ್ಕುಗಳು ಸಿಕ್ಕಿ ಜರ್ಮನಿ ಸಾಗಣೆಯನ್ನೇ ನಿಲ್ಲಿಸಿತು. ಕೊಂಕಣ ತೀರದ ಮಳೆಗಾಲದ ತೇವವನ್ನು ನೀನು ಬಲ್ಲೆ. ಒಮ್ಮೆ ಒರೆಸಿದರೆ ಸಾಲದು; ನೀರಿನಿಂದ ತೆಗೆದು ತೊಳೆದ ಮೇಲೆ ಒಮ್ಮೆ, ಕೆಲವು ಗಂಟೆ ಬಿಟ್ಟು ಒಮ್ಮೆ, ತಲುಪಿದ ಮೇಲೆ ಮತ್ತೊಮ್ಮೆ. 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ, ಅಲ್ಲಿಗೆ 300 ಚದರ ಸೆಂ.ಮೀ. ಅಷ್ಟೂ ಜಾಗವನ್ನು ಒಂದೇ ಸಮನೆ ಒತ್ತಿ ಒರೆಸಬೇಕು. ಮೈಗಿಂತ ಮುಖ್ಯ ಸಂದಿಗಳು: ಎತ್ತುವ ಕೊಂಬಿನ ಬುಡ, ಮುಚ್ಚಳದ ಬೋಲ್ಟಿನ ಕುಳಿ, ಡ್ರೇನಿನ ಬಾಯಿ. ಕಾಗದಕ್ಕೆ ಅಂಟುವುದು ಹತ್ತರಲ್ಲಿ ಒಂದು ಪಾಲು ಎಂದು ಲೆಕ್ಕ ಹಿಡಿ. ಬೀಟಾ-ಗಾಮಾ ಕಿರಣ ಸೂಸುವ ಕೊಳೆ ಚದರ ಸೆಂಟಿಮೀಟರಿಗೆ 4 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್) ದಾಟಬಾರದು, ಪ್ಲುಟೋನಿಯಂನಂಥ ಆಲ್ಫಾ ಆದರೆ 0.4.

ಪೆಟ್ಟಿಗೆಯ ಸುತ್ತ ವಿಕಿರಣ ಎಷ್ಟಿದೆ ಎಂದು ತಿಳಿಸಲು ಲೇಬಲಿನಲ್ಲಿ ಬರೆಯುವ ಸಾಗಣೆ ಸೂಚ್ಯಂಕಕ್ಕೆ ಮೇಲ್ಮೈಯ ಅಳತೆ ಹಾಕಬೇಡ. ಮೇಲ್ಮೈಯಿಂದ 1 ಮೀಟರ್ ದೂರದಲ್ಲಿ ಸಿಗುವ ಅತಿ ಹೆಚ್ಚಿನ ಅಳತೆಯನ್ನು, ಗಂಟೆಗೆ ಮಿಲಿಸೀವರ್ಟಿನಲ್ಲಿ (ಮೈಗೆ ತಗಲುವ ವಿಕಿರಣದ ಅಳತೆ), 100ರಿಂದ ಗುಣಿಸು: 0.03 ಇದ್ದರೆ 3. ಲಾರಿಯ ಮೈಗೆ ತಾಗಿ ಗಂಟೆಗೆ 2 ಮಿಲಿಸೀವರ್ಟ್, 2 ಮೀಟರ್ ದೂರದಲ್ಲಿ 0.1, ಇವು ಮಿತಿ. ಚಾಲಕನ ಸೀಟಿನಲ್ಲಿ 0.02. ಸೀಟಿನ ಅಳತೆಯನ್ನು ಚಾಲಕನನ್ನು ಪಕ್ಕ ನಿಲ್ಲಿಸಿಕೊಂಡೇ ಮಾಡು, ಅವನೂ ಮೀಟರು ನೋಡಲಿ. ಅಪಘಾತವಾದರೆ ಏನು ಮಾಡಬೇಕೆಂದು ಬರೆದ ತುರ್ತು ಕಾರ್ಡನ್ನು ಓದಿಸಿ, ಅರ್ಥವಾಗಿದೆಯೇ ಎಂದು ಕೇಳಿ, ಆಮೇಲೆ ಸಹಿ ಹಾಕಿಸು.

ಕೊನೆಯದನ್ನು ಅಪ್ಪ ಬರೆಯಬೇಕೇ ಎಂದು ಆಯಿಯ ತಕರಾರು. ಬರೆಯುತ್ತೇನೆ. ನಿನಗೆ ತಗಲಿದ ಡೋಸ್ ದಾಖಲಿಸುವ ಟಿಎಲ್‌ಡಿ ಬ್ಯಾಡ್ಜು ಎದೆಯ ಮೇಲಿರಲಿ, ಸೀಸದ ಏಪ್ರನ್ ಹಾಕಿದರೆ ಅದರ ಒಳಗೆ. ನಮ್ಮ ದೇಶದಲ್ಲಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಮುಂದೆ ನೀನು ಗರ್ಭಿಣಿಯಾದರೆ ಲೆಕ್ಕವೇ ಬೇರೆ: ತಿಳಿಸಿದ ದಿನದಿಂದ ಹೆರಿಗೆಯ ತನಕ ಮಗುವಿಗೆ 1 ಮಿಲಿಸೀವರ್ಟ್ ಮಾತ್ರ. ಅದು ಅನ್ವಯವಾಗಬೇಕಾದರೆ ನೀನೇ ಹೋಗಿ ತಿಳಿಸಬೇಕು, ಕೆಲಸ ಕೈತಪ್ಪುತ್ತದೆಂದು ಮುಚ್ಚಿಡಬೇಡ. ಇದು ಮದುವೆಯ ಪೀಠಿಕೆಯಲ್ಲ, ಫೋನಿನಲ್ಲಿ ಮತ್ತೆ ಜಗಳಕ್ಕೆ ಬರಬೇಡ. ವರ್ಷಕ್ಕೊಮ್ಮೆ ನಿನ್ನ ಡೋಸ್ ದಾಖಲೆಯ ಪ್ರತಿ ಕೇಳಿ ತೆಗೆದುಕೊ.

ನಿನ್ನ ಅಪ್ಪ