ವಿಭೂತಿ ಅದೇ, ಹಣೆ ಬೇರೆ

ಮಾನ್ಯ ಸಂಪಾದಕರೇ,

ಗಣೇಶ ವಿಸರ್ಜನೆ ಬಂತೆಂದರೆ ಡಿಜೆ ಸದ್ದಿನ ಬಗ್ಗೆ ನಿಮಗೆ ಪತ್ರಗಳು ಬರುತ್ತವೆ. ನಾನೂ ಬರೆದವಳೇ. ಈ ಸಲ ಸದ್ದಿಗಿಂತ ಹಾಡಿನ ಮಾತು ನನ್ನನ್ನು ಕಾಡುತ್ತಿದೆ.

ಹೋದ ತಿಂಗಳು ಮೊಮ್ಮಗಳ ಕಾಲೇಜಿನ ಗ್ಯಾದರಿಂಗ್‌ಗೆ ಹೋಗಿದ್ದೆ. ಅಕ್ಕಮಹಾದೇವಿಯ ವಚನವೊಂದಕ್ಕೆ ಗಿಟಾರ್, ಡ್ರಮ್ಸ್ ಜೋಡಿಸಿ ಅವಳೇ ರಾಗ ಹಾಕಿದ್ದಳು. ಎರಡು ತಿಂಗಳು ನಮ್ಮ ಮಾಳಿಗೆ ಮೇಲೇ ತಾಲೀಮು. ಹಣೆಗೆ ಮೂರು ಬೆರಳ ವಿಭೂತಿ, ಕರಿ ಜೀನ್ಸು, ಬಿಟ್ಟ ಕೂದಲು. ವೇದಿಕೆ ಹತ್ತುವಾಗ ತಡೆದರು. 'ವಿಭೂತಿ ಅಳಿಸಿ ಹಾಡು, ಇಲ್ಲಾಂದ್ರ ಸೀರಿ ಉಟ್ಕೊಂಡು ಬಾ' ಎಂದರು. ಅವಳಿಗಿಂತ ಮುಂಚೆ ಕುಣಿದ ಹುಡುಗರ ಹಣೆಯಲ್ಲೂ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಹಾಡು ಮಾತ್ರ ಕೈಕೊಟ್ಟ ಹುಡುಗಿಯನ್ನು ಬಾಯಿಗೆ ಬಂದಂತೆ ಬೈಯುವಂಥದ್ದು. ಅವರಿಗೆ ಶಿಳ್ಳೆ ಬಿತ್ತು, ತಡೆದವರಿಲ್ಲ.

ಅವಳು ವಿಭೂತಿ ಅಳಿಸಲಿಲ್ಲ, ಹಾಡಲೂ ಇಲ್ಲ.

ಅಂದು ರಾತ್ರಿ ಅಮೆರಿಕದ ಪಾಪ್ ಗಾಯಕಿ ಮಡೋನ್ನಾ 1989ರಲ್ಲಿ ಮಾಡಿದ ಹಾಡೊಂದನ್ನು ಫೋನಿನಲ್ಲಿ ತೋರಿಸಿದಳು. ಚರ್ಚು, ಉರಿಯುವ ಶಿಲುಬೆಗಳು. ಕ್ರೈಸ್ತ ಸಂಘಟನೆಗಳು ಸಿಟ್ಟಾಗಿ, ಪೆಪ್ಸಿ ಕಂಪನಿ ಆಕೆಯ ಜಾಹೀರಾತನ್ನೇ ನಿಲ್ಲಿಸಿತಂತೆ. ನೋಡಿ ನನಗೂ ಕಸಿವಿಸಿಯಾಯಿತು. ಯಾರ ದೇವರನ್ನೂ ನೋಯಿಸಬಾರದು ಎನ್ನುವವಳು ನಾನು. ಅಮೆರಿಕದಲ್ಲಿ ಕಪ್ಪು ಜನರನ್ನು ಹೆದರಿಸಲು ಬಿಳಿಯರ ಗುಂಪುಗಳು ಶಿಲುಬೆ ಸುಡುತ್ತಿದ್ದವು, ಈ ಹಾಡಿನ ಕಥೆಯಲ್ಲಿ ತಪ್ಪು ಮಾಡದ ಕಪ್ಪು ಯುವಕನನ್ನು ಪೊಲೀಸರು ಹಿಡಿಯುತ್ತಾರೆ ಎಂದು ಅವಳು ಬಿಡಿಸಿ ಹೇಳಿದ ಮೇಲೆ ಮತ್ತೊಮ್ಮೆ ನೋಡಿದೆ.

ನನ್ನ ಮೊಮ್ಮಗಳಂತೂ ಏನನ್ನೂ ಸುಟ್ಟಿರಲಿಲ್ಲ. ಉಟ್ಟ ಬಟ್ಟೆ ಬಿಟ್ಟು ಕೂದಲನ್ನೇ ಹೊದ್ದು ನಡೆದಳೆಂದು ನಾವೆಲ್ಲ ನಂಬಿರುವ ಅಕ್ಕನ ವಚನ ಹಾಡಲು ಹೊರಟಿದ್ದಳು. ಅದಕ್ಕೆ ಯಾವ ಬಟ್ಟೆಯ ಷರತ್ತು?

ಗಂಗೂಬಾಯಿ ಹಾನಗಲ್ಲರ ಗಡಸು ಗಂಡುದನಿಯನ್ನು ತಲೆ ಮೇಲೆ ಹೊತ್ತ ಊರಿದು. ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಸೀರೆ ಉಟ್ಟು, ಯಲ್ಲಮ್ಮನ ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಬರುವ ಜೋಗಪ್ಪಗಳಿಗೆ ನಮ್ಮವ್ವ ಮೊರದ ತುಂಬ ಜೋಳ ಹಾಕಿ ಕಾಲಿಗೆ ಬೀಳುತ್ತಿದ್ದಳು. ಗಂಡೋ ಹೆಣ್ಣೋ ಎಂದು ಕೇಳಿದ್ದು ನಾನು ಕಂಡಿಲ್ಲ. ಅದೇ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದಾಗ ಟಿವಿ ಮುಂದೆ ನನಗೆ ಅವ್ವನೇ ನೆನಪಾದಳು.

ಕಾಲೇಜುಗಳಿಗೂ ಗಣೇಶ ಮಂಡಳಿಗಳಿಗೂ ಕೈಮುಗಿದು ಕೇಳುತ್ತೇನೆ: ಹುಡುಗಿಯ ಬಟ್ಟೆ ನೋಡುವ ಮೊದಲು, ಹುಡುಗರು ಕುಣಿಯುವ ಹಾಡಿನ ಸಾಲು ಓದಿ.

ಶ್ರಾವಣದಲ್ಲಿ ನಮ್ಮ ಓಣಿಯ ಭಜನೆಯಲ್ಲಿ ಅವಳು ಆ ವಚನ ಹಾಡುತ್ತಾಳೆ. ಅದೇ ಜೀನ್ಸು, ಅದೇ ವಿಭೂತಿ. ತಾಳ ನಾನು ಹಾಕುತ್ತೇನೆ.

– ನಿವೃತ್ತ ಶಿಕ್ಷಕಿ, ಉಣಕಲ್, ಹುಬ್ಬಳ್ಳಿ