ತೂಕ ನೋಡುವ ಮೊದಲು ಮನೆಯ ಬಲ ಕೇಳಿ

ಮಾನ್ಯ ಸಂಪಾದಕರೇ,

ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ ತಾಯಂದಿರ ಕಿವಿಗೆ ಬೀಳುವುದು ಬಹುತೇಕ ಕೊರತೆಗಳ ಪಟ್ಟಿಯೇ. ತೂಕ ಸಾಲದು, ಮೊಟ್ಟೆ ಕೊಟ್ಟಿಲ್ಲ, ಸೊಪ್ಪು ತಿನ್ನಿಸಿಲ್ಲ, ಟಾನಿಕ್ ಹಾಕಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡು ಹೋದ ತಾಯಿ ಮುಂದಿನ ತಿಂಗಳು ಬರಲು ಹಿಂಜರಿದರೆ ಅವಳನ್ನು ದೂರುವಂತಿಲ್ಲ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಇಷ್ಟು ವರ್ಷಗಳಾದರೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಬುದ್ಧಿ ಹೇಳುವ ಧಾಟಿಯನ್ನು ಇನ್ನಾದರೂ ಬದಲಿಸಬೇಕು. ಮನೆಯವರು ಈಗಾಗಲೇ ಸರಿಯಾಗಿ ಮಾಡುತ್ತಿರುವುದು ಏನೆಂದು ಮೊದಲು ಕೇಳಿ, ಅದನ್ನು ಬರೆದುಕೊಂಡು, ಅದರ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಸೇರಿಸಬೇಕು ಎಂಬುದು ನಮ್ಮ ಒತ್ತಾಯ.

ಮಕ್ಕಳಿಗೆ ಉಣಿಸುವ ರಾಗಿ ಹಿಟ್ಟಿನ ಗಂಜಿ, ಅಂದರೆ ರಾಗಿ ಸರಿಯನ್ನೇ ನೋಡಿ. ಹಳೆ ಮೈಸೂರು ಭಾಗದಲ್ಲಿ ಸರಿ ಹಿಟ್ಟು ಮಾಡಲು ಬಾರದ ಅಜ್ಜಿ ಅಪರೂಪ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನ ಹೆಚ್ಚುಕಡಿಮೆ ಮೂರು ಪಟ್ಟು. ಹಾಗಿದ್ದರೂ ದಿನಾ ಸರಿ ತಿನ್ನುವ ಎಷ್ಟೋ ಮಕ್ಕಳ ತೂಕ ಏರುವುದಿಲ್ಲ. ಕಾರಣ ನೀರು. ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್. ಎಂಟು ಕಿಲೋ ಮಗುವಿಗೆ ಒಂದು ಲೋಟ ಎನ್ನಿ. ಬರೀ ರಾಗಿ ಹಿಟ್ಟು ಬೇಯುತ್ತಾ ಗಟ್ಟಿಯಾಗುತ್ತದೆ, ಮಗುವಿಗೆ ಗಂಟಲಲ್ಲಿ ಇಳಿಯದು ಎಂದು ನೀರು ಬೆರೆಸುತ್ತಾರೆ. ಕೊನೆಗೆ ಆ ಲೋಟದಲ್ಲಿ ಉಳಿಯುವುದು 20 ಗ್ರಾಂ ಹಿಟ್ಟು, ಅಂದರೆ 65 ಕ್ಯಾಲೊರಿಯಷ್ಟೇ. ಎದೆಹಾಲಿನ ಜೊತೆಗೆ ಹೊರಗಿನ ಆಹಾರದಿಂದ ದಿನಕ್ಕೆ 6–8 ತಿಂಗಳಲ್ಲಿ ಸುಮಾರು 200, 9–11 ತಿಂಗಳಲ್ಲಿ 300, ವರ್ಷ ತುಂಬಿದ ಮೇಲೆ 550 ಕ್ಯಾಲೊರಿ ಬೇಕು. ಒಂಬತ್ತು ತಿಂಗಳು ತುಂಬಿ, ಮೂರು ಹೊತ್ತು ನೀರು ಸರಿ ಕುಡಿದ ಮಗುವಿನ ಹೊಟ್ಟೆ ತುಂಬಿರುತ್ತದೆ, ಲೆಕ್ಕ ತುಂಬಿರುವುದಿಲ್ಲ.

ಇದಕ್ಕೆ ಪರಿಹಾರವೂ ಅದೇ ಅಡುಗೆಮನೆಯಲ್ಲಿದೆ. ರಾಗಿ ಮೊಳಕೆಯೊಡೆದಾಗ ಪಿಷ್ಟವನ್ನು ಕರಗಿಸುವ ಕಿಣ್ವ ಹುಟ್ಟುತ್ತದೆ. ಕಬ್ಬಿಣದ ಅಂಶ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತು ಕಡಿಮೆಯಾಗುತ್ತದೆ. ಮೊಳಕೆ ರಾಗಿ ಹಿಟ್ಟಾದರೆ ಅದೇ ಲೋಟಕ್ಕೆ ಎರಡರಷ್ಟು ಹಾಕಿದರೂ ಸರಿ ಚಮಚದಿಂದ ಜಾರುವಷ್ಟು ಮೆತ್ತಗಿರುತ್ತದೆ. 40 ಗ್ರಾಂ, ಅಂದರೆ ನಾಲ್ಕು ದೊಡ್ಡ ಚಮಚ ಹಿಟ್ಟಿಗೆ 130 ಕ್ಯಾಲೊರಿ, ಮೇಲೊಂದು ಚಿಕ್ಕ ಚಮಚ ತುಪ್ಪಕ್ಕೆ 45. ಮಾಡುವ ಬಗೆ ಹೀಗೆ: ರಾಗಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬೇಸಿಗೆಯಾದರೆ ಒಂದು ದಿನ, ಚಳಿಗಾಲವಾದರೆ ಒಂದೂವರೆ ಎರಡು ದಿನ ಕಟ್ಟಿಡಬೇಕು. ಮಳೆಗಾಲದಲ್ಲಿ ಹುಳಿ ವಾಸನೆ ಬಂದರೆ, ಬೂಸ್ಟು ಕಂಡರೆ ಇಡೀ ಗಂಟನ್ನೇ ಎಸೆಯಬೇಕು. ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ಮೊಳಕೆಯನ್ನು ಚೆನ್ನಾಗಿ ಒಣಗಿಸಿ, ಬೇರು ಉದುರುವಂತೆ ಉಜ್ಜಿ, ಘಮ್ಮೆನ್ನುವಷ್ಟು ಮಾತ್ರ ಹುರಿದು ಬೀಸಬೇಕು.

ಕೆಡುವುದು ಎರಡು ಕಡೆ. ಕಪ್ಪಾಗುವಷ್ಟು ಹುರಿದರೆ ಕಿಣ್ವ ಸಾಯುತ್ತದೆ. ಕುದಿಯುವ ನೀರಿಗೆ ಹಿಟ್ಟು ಸುರಿದರೂ ಸಾಯುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ನಿಧಾನವಾಗಿ ಕಾಯಿಸಿದರೆ, ಕುದಿ ಬರುವಷ್ಟರಲ್ಲಿ ಕಿಣ್ವ ತನ್ನ ಕೆಲಸ ಮುಗಿಸಿರುತ್ತದೆ. ಆಮೇಲೆ ಚೆನ್ನಾಗಿ ಕುದಿಸಿ ಇಳಿಸಬೇಕು. ಬಟ್ಟೆಯಲ್ಲಿ ಶೋಧಿಸುವ ಪದ್ಧತಿ ಮೊದಲ ಒಂದೆರಡು ತಿಂಗಳಿಗೆ ಇರಲಿ, ಎಂಟು ತಿಂಗಳಾದ ಮೇಲೆ ಬೇಕಿಲ್ಲ, ಏಕೆಂದರೆ ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲೇ. ಮೂರು ಪಾಲು ಹಿಟ್ಟಿಗೆ ಒಂದು ಪಾಲು ಹುರಿದ ಹೆಸರುಬೇಳೆ ಸೇರಿಸಿದರೆ ಪ್ರೋಟೀನ್ ಸುಧಾರಿಸುತ್ತದೆ. ಕಡಲೆಬೀಜದ ಪುಡಿಯನ್ನು ಆಗಾಗ ಹೊಸದಾಗಿ ಮಾಡಿ ಬೆರೆಸಿಕೊಳ್ಳಿ, ಹಿಟ್ಟಿನ ಜೊತೆ ಬೀಸಿಟ್ಟರೆ ಮುಗ್ಗಲು ಹಿಡಿಯುತ್ತದೆ. ಮುರುಟಿದ, ಕಪ್ಪಾದ ಬೀಜ ಆರಿಸಿ ತೆಗೆಯಲೇಬೇಕು.

ಗಮನಿಸಿ: ಇಷ್ಟರಲ್ಲಿ ಅಜ್ಜಿಗೆ ಹೊಸದಾಗಿ ಹೇಳಬೇಕಾದದ್ದು ಎರಡು ಮೂರು ಮಾತು ಮಾತ್ರ. ಉಳಿದದ್ದೆಲ್ಲ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ‘ನಿಮ್ಮ ಸರಿ ಚೆನ್ನಾಗಿದೆ, ತಣ್ಣೀರಲ್ಲಿ ಕದಡಿ ನೋಡಿ’ ಎಂದರೆ ಆಕೆ ನಾಳೆಯೇ ಮಾಡುತ್ತಾಳೆ. ‘ಸರಿ ಸಾಲದು, ಡಬ್ಬಿ ಪುಡಿ ತನ್ನಿ’ ಎಂದರೆ ಮನೆಯ ದುಡ್ಡು, ಆಕೆಯ ವಿಶ್ವಾಸ ಎರಡೂ ಹೋಗುತ್ತವೆ.

ಇನ್ನು ಉಣ್ಣಿಸುವ ಕೈಯ ವಿಚಾರ. ಒಂಬತ್ತು ತಿಂಗಳ ಮೇಲೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಬಾರಿ ಹಣ್ಣೋ ಮೊಟ್ಟೆಯೋ ಬೇಕು. ಬೆಳಿಗ್ಗೆ ಎಂಟಕ್ಕೆ ಕೂಲಿಗೋ ಗಾರ್ಮೆಂಟ್ಸ್‌ಗೋ ಹೊರಟು ಸಂಜೆ ಆರಕ್ಕೆ ಬರುವ ತಾಯಿಗೆ ಇದನ್ನು ಹೇಳಿ ಏನು ಪ್ರಯೋಜನ? ಆ ಹತ್ತು ಗಂಟೆ ಮಗು ಯಾರ ಮಡಿಲಲ್ಲಿರುತ್ತದೋ ಅವರನ್ನು ಕರೆಸಬೇಕು. ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು, ಕೆಲವೆಡೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಯ ಆರೈಕೆದಾರರು. ಅಪ್ಪಂದಿರನ್ನು ಯಾರೂ ಕೇಳುವುದೇ ಇಲ್ಲ. ಸಂಜೆಯ ಒಂದು ಊಟ ಅಪ್ಪನದು ಎಂದು ಗೊತ್ತುಮಾಡಿಕೊಂಡರೆ ಅಮ್ಮನಿಗೆ ಬಿಡುವು, ಮಗುವಿಗೆ ಮಾತು ಎರಡೂ ಸಿಗುತ್ತವೆ. ಮೊಬೈಲ್ ತೋರಿಸಿ ತುತ್ತು ತುರುಕುವುದು ಬೇಡ. ಎರಡು ವರ್ಷದವರೆಗೆ ಪರದೆ ಬೇಡವೇ ಬೇಡ. ಚಂದಮಾಮನನ್ನು ತೋರಿಸುತ್ತಾ, ಮಗುವಿನ ಮುಖ ನೋಡುತ್ತಾ, ಅದು ಬಾಯಿ ತೆರೆಯುವವರೆಗೆ ಕಾಯುವ ಅಜ್ಜ ಅಜ್ಜಿಯರ ತಾಳ್ಮೆಯನ್ನೇ ಪೌಷ್ಟಿಕಾಂಶ ತಜ್ಞರೂ ಕಲಿಸುವುದು.

ಭೇದಿಯಾದಾಗ ಗಂಜಿ, ಮಜ್ಜಿಗೆ ಕೊಡುವ ರೂಢಿಯೂ ದೊಡ್ಡ ಬಲವೇ. ಅದಕ್ಕೆ ಓಆರ್‌ಎಸ್ ಸೇರಲಿ: 1 ಲೀಟರಿನ ಪೊಟ್ಟಣ ಪೂರ್ತಿಯಾಗಿ 1 ಲೀಟರ್ ನೀರಿಗೆ. ಅಂದಾಜಿನಲ್ಲಿ ಅರ್ಧ ಪೊಟ್ಟಣ ಹಾಕುವುದರಿಂದ ಉಪ್ಪು ಹೆಚ್ಚೋ ಕಮ್ಮಿಯೋ ಆಗಿ ಅಪಾಯ. 24 ಗಂಟೆ ಕಳೆದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚದಲ್ಲಿ. ಸತುವಿನ (ಜಿಂಕ್) ಮಾತ್ರೆ ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಬಿಡುವುದೇ ಹೆಚ್ಚು. ‘ಹಲ್ಲು ಬರುತ್ತಿದೆ, ಭೇದಿ ಸಹಜ’ ಎಂದು ಕಾಯುವುದು ಮಾತ್ರ ನಿಲ್ಲಬೇಕು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲಾರದಷ್ಟು ಸುಸ್ತು ಕಂಡರೆ ಆಗಲೇ ಆಸ್ಪತ್ರೆಗೆ ಓಡಬೇಕು. ಇನ್ನು ರಕ್ತಹೀನತೆ ತಡೆಯಲು ಆರು ತಿಂಗಳು ದಾಟಿದ ಮಕ್ಕಳಿಗೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಎರಡನೇ ವಾರಕ್ಕೇ ಬಾಟಲಿ ಅಟ್ಟ ಸೇರುತ್ತದೆ.

ಬಾಣಂತಿ ಕೋಣೆಯಲ್ಲೂ ಇದೇ ದಾರಿ. ಎಣ್ಣೆ ಸವರಿ ಮೃದುವಾಗಿ ನೀವುವುದು ಒಳ್ಳೆಯದು, ಮುಂದುವರಿಯಲಿ. ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ, ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಂಬ್ರಾಣಿ ಹೊಗೆ ಬೇಡ. ವರ್ಷ ತುಂಬುವ ತನಕ ಜೇನು ನೆಕ್ಕಿಸುವುದು ಬೇಡ. ಬಾಣಂತಿಗೆ ನೀರು ಕಡಿಮೆ ಕೊಡುವುದಂತೂ ಬೇಡವೇ ಬೇಡ.

ಎಲ್ಲವನ್ನೂ ಮನೆಯ ಬಲಕ್ಕೇ ಬಿಡಲಾಗದು ಎಂಬುದನ್ನೂ ಹೇಳಬೇಕು. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ, ಎರಡೂ ಪಾದ ಊದಿದ್ದರೆ ಸಲಹೆ ಹೇಳುತ್ತಾ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು. ದುಡಿದರೂ ಮೊಟ್ಟೆ ಕೊಳ್ಳಲಾಗದ ಮನೆಗೆ ಮೊದಲು ಸಿಗಬೇಕಾದದ್ದು ಮೊಟ್ಟೆಯೇ.

1990ರ ದಶಕದ ಆರಂಭದಲ್ಲಿ ವಿಯೆಟ್ನಾಮಿನ ಹಳ್ಳಿಗಳಲ್ಲಿ ಜೆರ್ರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಬಡವರಲ್ಲೇ ಯಾರ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ ಎಂದು ಹುಡುಕಿಸಿದರು. ಆ ಮನೆಯವರು ಗದ್ದೆಯ ಸಣ್ಣ ಸೀಗಡಿ, ಏಡಿ, ಗೆಣಸಿನ ಸೊಪ್ಪನ್ನು ಮಕ್ಕಳ ಅನ್ನಕ್ಕೆ ಸೇರಿಸುತ್ತಿದ್ದರು, ದಿನಕ್ಕೆ ಹೆಚ್ಚು ಸಲ ಉಣಿಸುತ್ತಿದ್ದರು. ಉಳಿದ ತಾಯಂದಿರು ಅವರಿಂದಲೇ ಕಲಿತರು. ಮಲೆನಾಡಿನ ಏಡಿ, ಕರಾವಳಿಯ ಮೀನು, ಬಯಲುಸೀಮೆಯ ಬೆರಕೆ ಸೊಪ್ಪು, ಉತ್ತರ ಕರ್ನಾಟಕದ ಶೇಂಗಾ ಹಿಂಡಿ (ಚಟ್ನಿಪುಡಿ) ನಮ್ಮಲ್ಲೂ ಇವೆ. ಬೆಳವಣಿಗೆ ನಕ್ಷೆಯಲ್ಲಿ ಸರಿಯಾದ ತೂಕ ಸೂಚಿಸುವ ಹಸಿರು ಪಟ್ಟಿಯಲ್ಲಿರುವ ಬಡ ಮಗುವಿನ ಮನೆ ಪ್ರತಿ ಅಂಗನವಾಡಿಯ ವ್ಯಾಪ್ತಿಯಲ್ಲೂ ಸಿಗುತ್ತದೆ. ತಿಂಗಳ ಆರೋಗ್ಯ–ಪೌಷ್ಟಿಕ ದಿನದಂದು ಆ ತಾಯಿ ಅಥವಾ ಅಜ್ಜಿಯೇ ಅಡುಗೆ ಮಾಡಿ ತೋರಿಸಲಿ.

ಇಲಾಖೆಗೆ ನಮ್ಮ ಬೇಡಿಕೆ ಇಷ್ಟು. ಯಾರು ಉಣಿಸುತ್ತಾರೆ, ಮನೆಯಲ್ಲಿ ಈಗಾಗಲೇ ಚೆನ್ನಾಗಿ ನಡೆಯುತ್ತಿರುವುದೇನು ಎಂದು ಬರೆಯಲು ತಾಯಿ ಕಾರ್ಡಿನಲ್ಲಿ ಎರಡು ಸಾಲು ಜಾಗ ಕೊಡಿ. ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಿಗೆ ಮಾಡುವ ಮನೆಭೇಟಿಗಳಲ್ಲಿ 6 ಮತ್ತು 9ನೇ ತಿಂಗಳದ್ದು ಅಪ್ಪ, ಅತ್ತೆ ಇಬ್ಬರೂ ಮನೆಯಲ್ಲಿರುವ ಸಂಜೆ ಹೊತ್ತಿನಲ್ಲಿ ನಡೆಯಲಿ. ಆ ಭೇಟಿಗೆ ನಿಗದಿಯಾದ 50 ರೂಪಾಯಿ ಹಗಲಿನ ಕೆಲಸಕ್ಕೇ ಸಾಲದು. ಸಂಜೆಯ ಭೇಟಿಗೆ ಹೆಚ್ಚು ಹಣ ಕೊಟ್ಟೇ ಈ ಕೆಲಸ ಕೇಳಬೇಕು.

— ಮಕ್ಕಳ ಆಹಾರ, ಆರೋಗ್ಯ ತರಬೇತುದಾರರು, ಮೈಸೂರು ಜಿಲ್ಲೆ