ಅರ್ಧ ವೃತ್ತ, ಪೂರ್ತಿ ಸೂರ್ಯ

ಸಂಪಾದಕರೇ,

ಹಳದಿ ಬೆಳಕಿನ ಸೋಡಿಯಂ ಬೀದಿದೀಪದ ಕೆಳಗೆ ಕೆಂಪು ಸೀರೆ ಕಂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಅಲ್ವಾ? ಕಲಾವಿದ ಓಲಾಫುರ್ ಎಲಿಯಾಸನ್ 2003ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ ಇಂಥದ್ದೇ ಬೆಳಕಿನಿಂದ ಸೂರ್ಯನನ್ನು ಕಟ್ಟಿದರು. ಅರ್ಧ ವೃತ್ತದ ಪರದೆ, ಅದರ ಹಿಂದೆ ಸುಮಾರು 200 ದೀಪ, ಚಾವಣಿ ತುಂಬ ಕನ್ನಡಿ, ತೆಳು ಮಂಜು. ಉಳಿದರ್ಧ ಕನ್ನಡಿಯಲ್ಲಿ ಮೂಡಿತು. ಆ ಬೆಳಕಿನಲ್ಲಿ ಹಳದಿ, ಕಪ್ಪು ಬಿಟ್ಟು ಬೇರೆ ಬಣ್ಣವೇ ಇಲ್ಲ. ಜನ ನೆಲದ ಮೇಲೆ ಅಂಗಾತ ಮಲಗಿ ತಮ್ಮದೇ ಪ್ರತಿಬಿಂಬಕ್ಕೆ ಕೈ ಬೀಸಿದರು. ನನಗೆ ತುಂಬ ಹಿಡಿಸಿದ್ದು, ದೀಪ, ತಂತಿಗಳನ್ನು ಅವರು ಮುಚ್ಚಿಡಲಿಲ್ಲ. ಪರದೆಯ ಹಿಂದೆ ಹೋಗಿ ನೋಡಬಹುದಿತ್ತು. ಬೆಂಗಳೂರಿನ ಸೈನ್ಸ್ ಗ್ಯಾಲರಿಯಲ್ಲೂ ಕಲೆ, ವಿಜ್ಞಾನ ಜೊತೆಯಾಗಿವೆ. ಇಂಥ ಪ್ರದರ್ಶನಗಳ ಬಗ್ಗೆ ನಿಮ್ಮ ಪತ್ರಿಕೆ ಜಾಸ್ತಿ ಬರೆಯಲಿ, ಮಕ್ಕಳ ಪುಟದಲ್ಲೂ.

– ಚಿತ್ರಕಲಾ ಶಿಕ್ಷಕಿ, ತುಮಕೂರು